ಮೇಲ್ ಸರ್ವರ್‌ಗೆ ತಡೆಪಟ್ಟಿಗಳನ್ನು ಆರಿಸಿಕೊಳ್ಳುವ ಬಗೆ

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಗೇರುಬೀಜ ಕಾರ್ಖಾನೆಯ ಮೇಲ್ ಸರ್ವರನ್ನು ಕೆಲವು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅಲ್ಲಿಗೆ ಬರುವ ಪತ್ರಗಳ ಸ್ವಭಾವವನ್ನು ಮೊದಲು ಹೇಳಬೇಕು. ಹಸಿ ಗೇರುಬೀಜ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಿಂದ, ಪೂರ್ವದ ತಾಂಜಾನಿಯಾದಿಂದ ಬರುತ್ತದೆ. ತಿರುಳು ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುತ್ತದೆ. ನಡುವೆ ಪಣಂಬೂರಿನ ಶಿಪ್ಪಿಂಗ್ ಏಜೆಂಟರಿದ್ದಾರೆ. ಇವರೆಲ್ಲರ ಮೇಲ್‌ಗಳನ್ನು ಒಂದು ಕ್ಷಣ ಅಪರಿಚಿತನ ಕಣ್ಣಿನಿಂದ ನೋಡಿದರೆ ಅವು ಸ್ಪ್ಯಾಮ್‌ನಂತೆಯೇ ಕಾಣುತ್ತವೆ. ಹಿಂದೆಂದೂ ಬರೆಯದ ವ್ಯಕ್ತಿ, ತಡವರಿಸುವ ಇಂಗ್ಲಿಷ್, ವಿಷಯದ ಸಾಲಿನಲ್ಲಿ ‘ತುರ್ತು’ ಎಂಬ ಪದ, ಜೊತೆಗೆ ಲಗತ್ತಿಸಿದ ಇನ್‌ವಾಯ್ಸ್. ಪತ್ರದ ಒಳಗಿನ ಮಾತುಗಳನ್ನಷ್ಟೇ ನೋಡಿ ತೀರ್ಮಾನಿಸುವ ಫಿಲ್ಟರ್ ಇಲ್ಲಿ ಸುಲಭವಾಗಿ ಎಡವುತ್ತದೆ. ಆದ್ದರಿಂದ ಪತ್ರ ಏನು ಹೇಳುತ್ತದೆ ಎಂಬುದಕ್ಕಿಂತ ಅದನ್ನು ತಂದು ಬಾಗಿಲು ತಟ್ಟುತ್ತಿರುವ ಯಂತ್ರ ಯಾವುದು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ, ಮತ್ತು ಆ ವಿಚಾರಣೆಗೆ ನೆರವಾಗುವುದೇ ಡಿಎನ್‌ಎಸ್ (ಜಾಲದ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಆಧಾರಿತ ಬ್ಲಾಕ್‌ಲಿಸ್ಟ್‌ಗಳು, ಅಂದರೆ ತಡೆಪಟ್ಟಿಗಳು.

ತಡೆಪಟ್ಟಿಯೊಂದನ್ನು ಸರ್ವರ್‌ಗೆ ಸೇರಿಸುವುದು ಒಂದು ಸಾಲಿನ ಕೆಲಸ. ಆದರೆ ಆ ಒಂದು ಸಾಲಿನ ಮೂಲಕ ನಮ್ಮ ಕಚೇರಿಗೆ ಯಾರು ಪತ್ರ ಬರೆಯಬಹುದು ಎಂಬ ನಿರ್ಧಾರವನ್ನು ಎಲ್ಲೋ ದೂರದಲ್ಲಿ ಕುಳಿತ, ನಮ್ಮ ವ್ಯಾಪಾರದ ಗಂಧವೇ ಇಲ್ಲದ ಒಬ್ಬರ ಕೈಗೆ ಒಪ್ಪಿಸಿರುತ್ತೇವೆ. ಗೋದಾಮಿಗೆ ಕಾವಲುಗಾರನನ್ನು ನೇಮಿಸುವಾಗ ಎಷ್ಟು ವಿಚಾರಿಸುತ್ತೇವೆಯೋ ಇಲ್ಲಿಯೂ ಅಷ್ಟೇ ವಿಚಾರಿಸಬೇಕು. ಈ ಲೇಖನದ ಉದಾಹರಣೆಗಳು ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶಕ್ಕೆ ಸಂಬಂಧಿಸಿದವು. ಎಕ್ಸಿಮ್ ಬಳಸುವವರಿಗೆ ನಿಯಮಗಳ ಹೆಸರು ಬೇರೆಯಾದರೂ ತರ್ಕ ಅದೇ.

ಪಟ್ಟಿ ಕೆಲಸ ಮಾಡುವ ರೀತಿ

1997ರಲ್ಲಿ ಪಾಲ್ ವಿಕ್ಸಿ ಮತ್ತು ಡೇವ್ ರ‍್ಯಾಂಡ್ ಆರಂಭಿಸಿದ ಆರ್‌ಬಿಎಲ್ ಈ ಬಗೆಯ ಪಟ್ಟಿಗಳಲ್ಲಿ ಮೊದಲನೆಯದು. ಇಂದಿಗೂ ಹಲವರು ಎಲ್ಲ ತಡೆಪಟ್ಟಿಗಳನ್ನೂ ಆರ್‌ಬಿಎಲ್ ಎಂದೇ ಕರೆಯುತ್ತಾರೆ. ತಂತ್ರ ಸರಳವಾದುದು. ಜಾಲದಲ್ಲಿ ಯಂತ್ರವನ್ನು ಗುರುತಿಸುವ ಅಂಕಿಗಳೇ ಐಪಿ ವಿಳಾಸ; 192.0.2.25 ಎಂಬ ಐಪಿ ವಿಳಾಸದಿಂದ ಸಂಪರ್ಕ ಬಂದರೆ ನಮ್ಮ ಸರ್ವರ್ ಆ ಅಂಕಿಗಳನ್ನು 25.2.0.192 ಎಂದು ತಿರುಗಿಸಿ, ಅದರ ಕೊನೆಗೆ ಪಟ್ಟಿಯ ಡೊಮೇನ್ ಹೆಸರನ್ನು ಜೋಡಿಸಿ, ಸಾಮಾನ್ಯ ಡಿಎನ್‌ಎಸ್ ಪ್ರಶ್ನೆಯೊಂದನ್ನು ಕಳುಹಿಸುತ್ತದೆ. ಅಂಥ ಹೆಸರೇ ಇಲ್ಲ ಎಂಬ ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿಲ್ಲ. 127.0.0.2ರಂಥ ಉತ್ತರ ಬಂದರೆ ಪಟ್ಟಿಯಲ್ಲಿದೆ. ಕೊನೆಯ ಅಂಕಿ ಸಾಮಾನ್ಯವಾಗಿ ಕಾರಣದ ಸಂಕೇತ. ಅದೇ ಹೆಸರಿನ ಟೆಕ್ಸ್ಟ್ ದಾಖಲೆಯನ್ನು ಕೇಳಿದರೆ ಕಾರಣ ಮಾತಿನಲ್ಲಿಯೂ ಸಿಗುತ್ತದೆ. 2010ರ ಆರ್‌ಎಫ್‌ಸಿ 5782 ಎಂಬ ಅಂತರಜಾಲ ತಾಂತ್ರಿಕ ದಾಖಲೆ ಈ ಪದ್ಧತಿಯನ್ನು ವಿವರಿಸುತ್ತದೆ.

ಉತ್ತರದ ಅಂಕಿ ಮುಖ್ಯ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಾವ ಅಂಕಿ ಎಂದು ನಾವು ಹೇಳದಿದ್ದರೆ ಪೋಸ್ಟ್‌ಫಿಕ್ಸ್ ಯಾವುದೇ ವಿಳಾಸ ಉತ್ತರವಾಗಿ ಬಂದರೂ ಅದನ್ನು ‘ಪಟ್ಟಿಯಲ್ಲಿದೆ’ ಎಂದೇ ಅರ್ಥಮಾಡಿಕೊಳ್ಳುತ್ತದೆ. ಈ ಉದಾರತೆಯಿಂದ ಆದ ಅನಾಹುತಗಳನ್ನು ಮುಂದೆ ಎರಡು ಕಡೆ ಹೇಳಬೇಕಾಗಿದೆ.

ಪಟ್ಟಿಗೂ ಮೊದಲು ರಿಸಾಲ್ವರ್

ಪಟ್ಟಿಗಳ ಹೆಸರು ಹುಡುಕುವುದಕ್ಕೆ ಮುನ್ನ ಸರ್ವರ್‌ನಲ್ಲಿಯೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ ಒಂದನ್ನು, ಅಂದರೆ ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಹುಡುಕಿ ತರುವ ತಂತ್ರಾಂಶವನ್ನು ಸ್ಥಾಪಿಸಬೇಕು, ಮತ್ತು ಅದು ಬೇರೊಬ್ಬರಿಗೆ ಪ್ರಶ್ನೆಯನ್ನು ದಾಟಿಸದೆ ತಾನೇ ಮೂಲದವರೆಗೆ ಹೋಗಿ ಉತ್ತರ ತರುವಂತೆ ಹೊಂದಿಸಬೇಕು. ಗೂಗಲ್‌ನ 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1ರಂಥ ಸಾರ್ವಜನಿಕ ರಿಸಾಲ್ವರ್‌ಗಳ ಮೂಲಕ ಕೇಳಿದರೆ ಪಟ್ಟಿ ನಡೆಸುವವರಿಗೆ ಕೇಳುತ್ತಿರುವವರು ಯಾರೆಂದು ತಿಳಿಯುವುದಿಲ್ಲ. ಲಕ್ಷಾಂತರ ಜನರ ಪ್ರಶ್ನೆಗಳು ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ. ಹಾಗಾಗಿ ತಡೆಪಟ್ಟಿಗಳನ್ನು ನಡೆಸುವ ಸ್ಪ್ಯಾಮ್‌ಹೌಸ್ ಸಂಸ್ಥೆ ಅಂಥ ಪ್ರಶ್ನೆಗಳಿಗೆ 127.255.255.254 ಎಂಬ ದೋಷಸಂಕೇತವನ್ನು ಹಿಂತಿರುಗಿಸುತ್ತದೆ. ಪ್ರಶ್ನೆಗಳ ಸಂಖ್ಯೆ ಮಿತಿ ಮೀರಿದರೆ 127.255.255.255, ಪಟ್ಟಿಯ ಹೆಸರನ್ನು ತಪ್ಪಾಗಿ ಬರೆದಿದ್ದರೆ 127.255.255.252. ಯುಆರ್‌ಐಬಿಎಲ್ ಎಂಬ ಇನ್ನೊಂದು ಪಟ್ಟಿ ಇಂಥ ಸಂದರ್ಭದಲ್ಲಿ 127.0.0.1 ಎಂದು ಉತ್ತರಿಸುತ್ತದೆ. ಇವು ಯಾವುವೂ ‘ಪಟ್ಟಿಯಲ್ಲಿದೆ’ ಎಂಬ ಉತ್ತರಗಳಲ್ಲ, ‘ನೀನು ಕೇಳಿದ ರೀತಿ ಸರಿಯಿಲ್ಲ’ ಎಂಬ ಎಚ್ಚರಿಕೆಗಳು.

ಇದನ್ನು ನಾನು ಓದಿ ಕಲಿತದ್ದಲ್ಲ. ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಸಿಡಿಲು ಹೊಡೆದು ಕಾರ್ಖಾನೆಯ ರೌಟರ್ ಸುಟ್ಟುಹೋಯಿತು. ಕರಾವಳಿಯಲ್ಲಿ ಇದು ವರ್ಷಕ್ಕೊಮ್ಮೆಯಾದರೂ ಆಗುವಂಥದ್ದು. ಮರುದಿನ ಹೊಸ ರೌಟರ್ ಬಂತು. ಅದು ತನ್ನ ಜೊತೆಗೆ ಸಾರ್ವಜನಿಕ ರಿಸಾಲ್ವರ್‌ನ ವಿಳಾಸವನ್ನೂ ಹಂಚಿತು. ನಾನು ಸರ್ವರ್‌ನ ರಿಸಾಲ್ವರ್ ವಿಳಾಸವನ್ನು ಕೈಯಿಂದ ಬರೆದು ಭದ್ರಪಡಿಸಿರಲಿಲ್ಲವಾದ್ದರಿಂದ ಸರ್ವರ್ ಅದನ್ನು ಒಪ್ಪಿಕೊಂಡಿತು. ಪಟ್ಟಿಯ ಉತ್ತರಕ್ಕೆ ಅಂಕಿಯ ಮಿತಿ ಹಾಕಿರಲಿಲ್ಲ ಎಂಬುದು ನನ್ನ ಎರಡನೆಯ ತಪ್ಪು. ಅಲ್ಲಿಂದ ಮುಂದೆ ಬಂದ ಪ್ರತಿಯೊಂದು ಪತ್ರವೂ, ಕಳುಹಿಸಿದವರು ಯಾರೇ ಆಗಿರಲಿ, ತಿರಸ್ಕೃತವಾಯಿತು. ಕಚೇರಿಯವರು ಮಾತ್ರ ‘ಇವತ್ತು ಸ್ಪ್ಯಾಮ್ ಒಂದೂ ಇಲ್ಲ’ ಎಂದು ಸಂತೋಷಪಟ್ಟರು. ಮಧ್ಯಾಹ್ನದ ಹೊತ್ತಿಗೆ ಪಣಂಬೂರಿನಿಂದ ಏಜೆಂಟರು ಫೋನ್ ಮಾಡಿ, ಹಡಗಿನ ಸರಕಿನ ಕಾಗದವಾದ ಬಿಲ್ ಆಫ್ ಲೇಡಿಂಗ್‌ನ ಕರಡು ಕಳುಹಿಸಿದ್ದು ಮೂರು ಸಲವೂ ಹಿಂದಕ್ಕೆ ಬಂದಿದೆ ಎಂದಾಗಲೇ ವಿಷಯ ತಿಳಿದದ್ದು.

ಬಾಡಿಗೆಯ ಕ್ಲೌಡ್ ಸರ್ವರ್ ಬಳಸುವವರಿಗೆ ಇನ್ನೊಂದು ಮಾತು. ಹಲವು ಕ್ಲೌಡ್ ಸಂಸ್ಥೆಗಳ ಜಾಲದಿಂದ ಬರುವ ಪ್ರಶ್ನೆಗಳನ್ನೂ ಸ್ಪ್ಯಾಮ್‌ಹೌಸ್ ಸಾರ್ವಜನಿಕ ರಿಸಾಲ್ವರ್‌ಗಳ ಪ್ರಶ್ನೆಗಳಂತೆಯೇ ಕಾಣುತ್ತದೆ. ಅಂಥವರು ಹೆಸರು ನೋಂದಾಯಿಸಿ, ಡಿಕ್ಯೂಎಸ್ ಎಂಬ ಸೇವೆಯ ಕೀಲಿಯನ್ನು ಪಡೆದು, ಆ ಕೀಲಿಯನ್ನು ಸೇರಿಸಿದ ಹೆಸರಿನ ಮೂಲಕ ಪ್ರಶ್ನಿಸಬೇಕು. ಸಣ್ಣ ಬಳಕೆಗೆ ಅದು ಉಚಿತ. ನೋಂದಣಿಯಿಲ್ಲದ ಸಾರ್ವಜನಿಕ ಸೇವೆಗೆ ದಿನಕ್ಕೆ 1 ಲಕ್ಷ ಎಸ್‌ಎಂಟಿಪಿ (ಮೇಲ್ ಸಾಗಿಸುವ) ಸಂಪರ್ಕ ಹಾಗೂ 3 ಲಕ್ಷ ಪ್ರಶ್ನೆಗಳ ಮಿತಿಯನ್ನು ಅವರು ಬಹುಕಾಲದಿಂದ ಪ್ರಕಟಿಸುತ್ತ ಬಂದಿದ್ದಾರೆ. ನಲವತ್ತು ಅಂಚೆಪೆಟ್ಟಿಗೆಗಳ ಕಚೇರಿಯೊಂದು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಊರಿನ ಹತ್ತು ಕಚೇರಿಗಳಿಗೆ ಹಣ ಪಡೆದು ಮೇಲ್ ಸೇವೆ ಕೊಡುವವರ ಸ್ಥಿತಿ ಬೇರೆ. ಅವರು ನಿಬಂಧನೆಗಳನ್ನು ಓದಿಕೊಂಡು, ಬೇಕಾದಲ್ಲಿ ಶುಲ್ಕ ಕಟ್ಟುವುದೇ ಸರಿ.

ಪ್ರತಿ ಪಟ್ಟಿಗೂ ಒಂದು ಮಾತಿದೆ

ಪಟ್ಟಿಗಳನ್ನು ‘ಕಟ್ಟುನಿಟ್ಟಾದದ್ದು’, ‘ಸಡಿಲವಾದದ್ದು’ ಎಂದು ಸಾಲಾಗಿ ನಿಲ್ಲಿಸುವುದು ವಾಡಿಕೆ. ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಪ್ರತಿಯೊಂದು ಪಟ್ಟಿಯೂ ವಿಳಾಸದ ಬಗ್ಗೆ ಒಂದು ನಿರ್ದಿಷ್ಟ ಮಾತನ್ನು ಹೇಳುತ್ತದೆ. ಆ ಮಾತು ಯಾವುದು, ಅದು ನಮ್ಮ ತೀರ್ಮಾನಕ್ಕೆ ಸಾಕಾಗುತ್ತದೆಯೇ ಎಂದು ಕೇಳಬೇಕು. ಸ್ಪ್ಯಾಮ್‌ಹೌಸ್‌ನ ಝೆನ್ ಪಟ್ಟಿಯನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ, ಏಕೆಂದರೆ ಝೆನ್ ಎಂಬುದು ಒಂದು ಪಟ್ಟಿಯಲ್ಲ, ಹಲವು ಪಟ್ಟಿಗಳ ಕಟ್ಟು. 127.0.0.2 ಎಂದು ಉತ್ತರ ಬಂದರೆ ಅದು ಎಸ್‌ಬಿಎಲ್, ಅಂದರೆ ಸ್ಪ್ಯಾಮ್ ಕಳುಹಿಸುವವರದ್ದೆಂದು ತನಿಖೆಗಾರರು ಗುರುತಿಸಿದ ವಿಳಾಸ. 127.0.0.3 ಸಿಎಸ್‌ಎಸ್, ಕೆಟ್ಟ ನಡವಳಿಕೆಯ ಮೇಲೆ ಯಂತ್ರವೇ ಹಿಡಿದದ್ದು. 127.0.0.4 ಎಕ್ಸ್‌ಬಿಎಲ್, ವೈರಸ್ ಹೊಕ್ಕ ಅಥವಾ ಅನ್ಯರ ವಶವಾದ ಕಂಪ್ಯೂಟರು. 127.0.0.10 ಮತ್ತು 11 ಪಿಬಿಎಲ್.

ಈ ಪಿಬಿಎಲ್ ಬಗ್ಗೆ ತುಸು ನಿಲ್ಲಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಪಿಬಿಎಲ್‌ನಲ್ಲಿರುವ ವಿಳಾಸ ಯಾವ ತಪ್ಪನ್ನೂ ಮಾಡಿಲ್ಲ. ‘ಈ ವಿಳಾಸ ಮನೆಗಳಿಗೆ ಕೊಡುವ ಬ್ರಾಡ್‌ಬ್ಯಾಂಡ್ ಸಂಪರ್ಕದ್ದು, ಇಲ್ಲಿಂದ ನೇರವಾಗಿ ಇನ್ನೊಬ್ಬರ ಸರ್ವರ್‌ಗೆ ಮೇಲ್ ಹೋಗಬೇಕಾದ ಕಾರಣವಿಲ್ಲ’ ಎಂಬುದಷ್ಟೇ ಅದರ ಮಾತು. ಸುರತ್ಕಲ್‌ನ ಫ್ಲ್ಯಾಟಿನಲ್ಲಿರುವ ಫೈಬರ್ ಸಂಪರ್ಕವಾಗಲಿ ದುಬೈಯಲ್ಲಿರುವ ನಮ್ಮೂರಿನವರ ಕೊಠಡಿಯ ವೈಫೈ ಆಗಲಿ ಪಿಬಿಎಲ್‌ನಲ್ಲಿರುವುದು ಸಹಜ. ಆದ್ದರಿಂದ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದಾಗಿ, ಕಚೇರಿಯವರೇ ಮನೆಯಿಂದ ಅಥವಾ ಪ್ರವಾಸದಿಂದ ಗುಪ್ತಪದ ಕೊಟ್ಟು ಮೇಲ್ ಕಳುಹಿಸುವ 587 ಮತ್ತು 465ನೆಯ ಪೋರ್ಟ್‌ಗಳಿಗೆ ತಡೆಪಟ್ಟಿಯನ್ನು ಅನ್ವಯಿಸಲೇಬಾರದು. ನಿಯಮಗಳ ಸರಣಿಯಲ್ಲಿ ಗುರುತು ಸಾಬೀತುಪಡಿಸಿದವರನ್ನು ಒಳಬಿಡುವ ಸಾಲು ಪಟ್ಟಿಯ ಸಾಲಿಗಿಂತ ಮೇಲಿರಬೇಕು. ಇದನ್ನು ಹಿಂದುಮುಂದು ಮಾಡಿದರೆ ಮಾಲೀಕರ ಮಗನೇ ತನ್ನ ಫೋನಿನಿಂದ ಕಚೇರಿಗೆ ಬರೆಯಲಾರದೆ ಕೂರುತ್ತಾನೆ. ಎರಡನೆಯದಾಗಿ, ಪಿಬಿಎಲ್‌ಅನ್ನು ನಮ್ಮ ಸರ್ವರ್‌ಗೆ ನೇರವಾಗಿ ಸಂಪರ್ಕಿಸಿದ ವಿಳಾಸಕ್ಕೆ ಮಾತ್ರ ಹೋಲಿಸಬೇಕು; ಪತ್ರದ ತಲೆಬರಹದಲ್ಲಿರುವ ಹಿಂದಿನ ಎಲ್ಲ ವಿಳಾಸಗಳಿಗೂ ಹೋಲಿಸಿದರೆ ಮನೆಯಿಂದ ಸರಿಯಾದ ದಾರಿಯಲ್ಲೇ ಕಳುಹಿಸಿದ ಪತ್ರವೂ ಸಿಕ್ಕಿಬೀಳುತ್ತದೆ.

ಈ ಎರಡು ಎಚ್ಚರಿಕೆಗಳೊಂದಿಗೆ ಝೆನ್ ಪಟ್ಟಿಯನ್ನು ನೇರ ತಿರಸ್ಕಾರಕ್ಕೆ ಬಳಸಬಹುದು ಎಂಬುದು ನನ್ನ ಅಭಿಪ್ರಾಯ. ನಾನು ಹಾಗೆ ಬಳಸುವ ಏಕೈಕ ಐಪಿ ಪಟ್ಟಿ ಅದು.

ಸ್ಪ್ಯಾಮ್‌ಕಾಪ್ ಪಟ್ಟಿಯ ಮಾತು ಬೇರೆ. ಅದು ಬಳಕೆದಾರರ ದೂರು ಮತ್ತು ಬಲೆ ವಿಳಾಸಗಳಿಗೆ (ಸ್ಪ್ಯಾಮ್ ಹಿಡಿಯಲೆಂದೇ ಇಟ್ಟ, ಯಾರೂ ಬಳಸದ ಮೇಲ್ ವಿಳಾಸಗಳಿಗೆ) ಬಂದ ಪತ್ರಗಳ ಆಧಾರದ ಮೇಲೆ ‘ಈ ವಿಳಾಸದಿಂದ ಈಚೆಗೆ ಸ್ಪ್ಯಾಮ್ ಬಂದಿದೆ’ ಎನ್ನುತ್ತದೆ. ಹೊಸ ದೂರು ಬರದಿದ್ದರೆ ಸುಮಾರು 24 ಗಂಟೆಗಳಲ್ಲಿ ತಾನಾಗಿ ತೆಗೆಯುತ್ತದೆ. ಅದು ಚುರುಕಿನ ಪಟ್ಟಿ, ಆದರೆ ಸಾವಿರಾರು ಜನ ಹಂಚಿಕೊಳ್ಳುವ ದೊಡ್ಡ ಉಚಿತ ಮೇಲ್ ಸೇವೆಯ ವಿಳಾಸವೂ ಅಲ್ಲಿ ಒಮ್ಮೊಮ್ಮೆ ಕಾಣಿಸಿಕೊಳ್ಳುತ್ತದೆ. ಐವರಿ ಕೋಸ್ಟ್‌ನ ಅಬಿಜಾನ್‌ನ ಸಣ್ಣ ವ್ಯಾಪಾರಿ ಬರೆಯುವುದು ಅಂಥ ಉಚಿತ ಸೇವೆಯಿಂದಲೇ. ಆದ್ದರಿಂದ ಇದು ಸಾಕ್ಷಿಯಾಗಬಹುದು, ನ್ಯಾಯಾಧೀಶನಾಗಬಾರದು. ಬರಕುಡಾ ಪಟ್ಟಿಗೆ ನಮ್ಮ ರಿಸಾಲ್ವರ್‌ನ ವಿಳಾಸವನ್ನು ಮೊದಲೇ ನೋಂದಾಯಿಸಬೇಕು. ಅದನ್ನೂ ನಾನು ಸಾಕ್ಷಿಯಾಗಿಯೇ ಇಟ್ಟುಕೊಂಡಿದ್ದೇನೆ. ಪಿಎಸ್‌ಬಿಎಲ್ ಬಲೆ ವಿಳಾಸಗಳಿಂದ ನಡೆಯುವ, ತೆಗೆಸಿಕೊಳ್ಳುವುದು ಸುಲಭವಾಗಿರುವ ಪಟ್ಟಿ.

ಇನ್ನು ವಿಳಾಸವನ್ನಲ್ಲದೆ ಅದರ ನೆರೆಹೊರೆಯನ್ನೂ ಸೇರಿಸಿ ಶಿಕ್ಷಿಸುವ ಪಟ್ಟಿಗಳಿವೆ. ಯುಸಿಇಪ್ರೊಟೆಕ್ಟ್‌ನ ಮೊದಲ ಹಂತ ಒಂಟಿ ವಿಳಾಸಗಳದ್ದು. ಎರಡನೆಯ ಹಂತ ವಿಳಾಸಗಳ ಇಡೀ ಗುಂಪನ್ನು, ಮೂರನೆಯ ಹಂತ ಸೇವಾದಾತರ ಇಡೀ ಜಾಲವನ್ನೇ ಪಟ್ಟಿಗೆ ಹಾಕುತ್ತದೆ. ಬೇಗನೆ ಬಿಡಿಸಿಕೊಳ್ಳಬೇಕೆಂದರೆ ಹಣ ಕೊಡುವ ವ್ಯವಸ್ಥೆಯೂ ಅಲ್ಲಿದೆ. ಸೇವಾದಾತರ ಮೇಲೆ ಒತ್ತಡ ತರುವುದು ಇಂಥ ಪಟ್ಟಿಗಳ ಉದ್ದೇಶ. ಅದಕ್ಕೊಂದು ತರ್ಕವಿದೆ ಎಂದು ಒಪ್ಪಿದರೂ ಬಾಡಿಗೆಯ ಸರ್ವರ್‌ನಲ್ಲಿ ಪ್ರಾಮಾಣಿಕವಾಗಿ ಮೇಲ್ ನಡೆಸುವ ನೂರಾರು ಸಣ್ಣ ಕಚೇರಿಗಳ ಪಾಲಿಗೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ. ಎರಡು ಮತ್ತು ಮೂರನೆಯ ಹಂತಗಳನ್ನು ತಿರಸ್ಕಾರಕ್ಕೆ ಬಳಸಲೇಬಾರದು.

ದೇಶವಾರು ತಡೆಯ ಬಗ್ಗೆಯೂ ಹೀಗೆಯೇ ಹೇಳಬೇಕಾಗಿದೆ. ‘ಆಫ್ರಿಕಾದಿಂದ ಬರುವುದನ್ನೆಲ್ಲ ನಿಲ್ಲಿಸಿಬಿಡಿ, ಅರ್ಧ ತಲೆನೋವು ಹೋಗುತ್ತದೆ’ ಎಂದು ನನಗೆ ಸಲಹೆ ಕೊಟ್ಟವರಿದ್ದಾರೆ. ಗೇರುಬೀಜದ ಕಾರ್ಖಾನೆಗೆ ಅದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡಂತೆ. ಕೊಲ್ಲಿಯ ನಂಟು ಇಲ್ಲದ ಮನೆಯೇ ಅಪರೂಪವೆನ್ನಬಹುದಾದ ಮಂಗಳೂರು, ಉಡುಪಿಯ ಬೇರೆ ಕಚೇರಿಗಳಿಗೂ ಇದು ಸಲ್ಲದ ಉಪಾಯ.

ಅಂತೂ ಹೊಸ ಪಟ್ಟಿಯೊಂದರ ಹೆಸರು ಕೇಳಿದಾಗ ಅದರ ಪುಟಕ್ಕೆ ಹೋಗಿ ನಾನು ಹುಡುಕುವುದು ಇವನ್ನು: ಯಾವ ಕಾರಣಕ್ಕೆ ವಿಳಾಸವನ್ನು ಸೇರಿಸುತ್ತಾರೆಂದು ಬರೆದಿದ್ದಾರೆಯೇ, ಎಷ್ಟು ಕಾಲ ಇಡುತ್ತಾರೆ, ತಪ್ಪಾಗಿ ಸೇರಿದವರು ಹಣ ಕೊಡದೆ ಹೊರಬರುವ ದಾರಿ ಇದೆಯೇ, ಉತ್ತರದ ಪ್ರತಿ ಅಂಕಿಯ ಅರ್ಥವನ್ನೂ ದೋಷಸಂಕೇತಗಳನ್ನೂ ಪ್ರಕಟಿಸಿದ್ದಾರೆಯೇ, ನಡೆಸುತ್ತಿರುವವರು ಯಾರೆಂದು ತಿಳಿಯುತ್ತದೆಯೇ. ಇವುಗಳಲ್ಲಿ ಮೊದಲನೆಯದಕ್ಕೇ ಉತ್ತರ ಸಿಗದಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ.

ಹತ್ತು ಪಟ್ಟಿಗಳನ್ನು ಸೇರಿಸಿದರೆ ಹತ್ತು ಪಟ್ಟು ರಕ್ಷಣೆ ಸಿಗುತ್ತದೆ ಎಂಬ ನಂಬಿಕೆಯನ್ನೂ ಬಿಡಬೇಕು. ಹಲವು ಪಟ್ಟಿಗಳು ಹಿಡಿಯುವುದು ಅದೇ ವಶವಾದ ಯಂತ್ರಗಳನ್ನು. ಹತ್ತನೆಯ ಪಟ್ಟಿ ಹೊಸದಾಗಿ ಹಿಡಿಯುವ ಸ್ಪ್ಯಾಮ್ ಅಲ್ಪ, ಆದರೆ ಅದರ ತಪ್ಪುಗಳು ಪೂರ್ತಿಯಾಗಿ ನಮ್ಮ ಲೆಕ್ಕಕ್ಕೆ ಬರುತ್ತವೆ.

ಗೇಟಿನಲ್ಲಿ ಎಷ್ಟು, ಮೇಜಿನ ಮೇಲೆ ಎಷ್ಟು

ಹಸಿ ಗೇರುಬೀಜದ ಲೋಡು ಬಂದಾಗ ಮೂಟೆಗಳಿಂದ ಮಾದರಿ ತೆಗೆದು, ಕತ್ತರಿಸಿ ನೋಡಿ, ಒಪ್ಪಬೇಕೋ ಬೇಡವೋ ಎಂದು ಮೊದಲೇ ತೀರ್ಮಾನಿಸುತ್ತಾರೆ. ತಿರುಳನ್ನು 180, 240, 320 ಎಂಬ ದರ್ಜೆಗಳಾಗಿ ವಿಂಗಡಿಸುವುದು ಬಹಳ ನಂತರದ, ನಿಧಾನದ ಕೆಲಸ. ಮೇಲ್‌ನಲ್ಲಿಯೂ ಇಂಥ ಎರಡು ಹಂತಗಳಿವೆ. ಪೋಸ್ಟ್‌ಫಿಕ್ಸ್‌ನ 2.8ನೆಯ ಆವೃತ್ತಿಯಿಂದ ಲಭ್ಯವಿರುವ ಪೋಸ್ಟ್‌ಸ್ಕ್ರೀನ್ ಗೇಟಿನಲ್ಲಿ ನಿಲ್ಲುತ್ತದೆ. ಪತ್ರದ ಒಂದಕ್ಷರವನ್ನೂ ತೆಗೆದುಕೊಳ್ಳುವ ಮೊದಲೇ ವಿಳಾಸವನ್ನು ವಿಚಾರಿಸುತ್ತದೆ. ಸ್ಪ್ಯಾಮ್‌ಅಸಾಸಿನ್ ಅಥವಾ ಆರ್‌ಸ್ಪ್ಯಾಮ್‌ಡಿ ಪತ್ರವನ್ನು ಪಡೆದು, ತೆರೆದು, ಅಂಕ ಹಾಕುವ ವಿಂಗಡಣೆಯ ಮೇಜು. ಗೇಟಿನಲ್ಲಿ ತಡೆಯುವುದು ಅಗ್ಗ, ಆದರೆ ಒರಟು.

ಪೋಸ್ಟ್‌ಸ್ಕ್ರೀನ್‌ನ ಅನುಕೂಲವೆಂದರೆ ಪ್ರತಿ ಪಟ್ಟಿಗೂ ತೂಕ ಕೊಡಬಹುದು. ನಾನು ಇಟ್ಟುಕೊಂಡಿರುವ ಹೊಂದಿಕೆ ಹೀಗಿದೆ: ತಿರಸ್ಕಾರದ ಹೊಸ್ತಿಲು 4, ಝೆನ್‌ನಿಂದ 127.0.0.2ರಿಂದ 11ರವರೆಗಿನ ಉತ್ತರ ಬಂದರೆ 4, ಬರಕುಡಾಗೆ 2, ಸ್ಪ್ಯಾಮ್‌ಕಾಪ್‌ಗೆ 2, ಪಿಎಸ್‌ಬಿಎಲ್‌ಗೆ 1. ಇವುಗಳ ಜೊತೆಗೆ ಒಳ್ಳೆಯ ಸರ್ವರ್‌ಗಳನ್ನು ನಂಬಿಕೆಯ ದರ್ಜೆಯೊಂದಿಗೆ ಪಟ್ಟಿ ಮಾಡುವ ಡಿಎನ್‌ಎಸ್‌ಡಬ್ಲ್ಯೂಎಲ್ ಎಂಬ ಅನುಮತಿ ಪಟ್ಟಿಯಿದೆ. ಅದರಲ್ಲಿ ಕಡಿಮೆ ನಂಬಿಕೆಯ ದರ್ಜೆಗೆ ಋಣ 2, ಮೇಲಿನ ದರ್ಜೆಗಳಿಗೆ ಋಣ 4 ಕೊಟ್ಟಿದ್ದೇನೆ. ಹೀಗೆ ಹೊಂದಿಸಿದಾಗ ಝೆನ್ ಒಂದೇ ಸಾಕಾಗುತ್ತದೆ. ಬರಕುಡಾ ಮತ್ತು ಸ್ಪ್ಯಾಮ್‌ಕಾಪ್ ಎರಡೂ ಒಪ್ಪಿದರೆ ಸಾಕು. ಸ್ಪ್ಯಾಮ್‌ಕಾಪ್ ಮತ್ತು ಪಿಎಸ್‌ಬಿಎಲ್ ಸೇರಿದರೂ 3 ಆಗುವುದರಿಂದ ಸಾಲದು. ಬರಕುಡಾ, ಸ್ಪ್ಯಾಮ್‌ಕಾಪ್ ಎರಡರಲ್ಲೂ ಸಿಕ್ಕಿಬಿದ್ದ ಸರ್ವರೊಂದು ಅನುಮತಿ ಪಟ್ಟಿಯ ಕಡಿಮೆ ದರ್ಜೆಯಲ್ಲಿದ್ದರೆ ಮೊತ್ತ 2ಕ್ಕೆ ಇಳಿದು ಪತ್ರ ಒಳಗೆ ಬರುತ್ತದೆ, ಮುಂದೆ ವಿಂಗಡಣೆಯ ಮೇಜು ಅದನ್ನು ನೋಡಿಕೊಳ್ಳುತ್ತದೆ. ಈ ಅಂಕಗಳು ವೇದವಾಕ್ಯವಲ್ಲ. ಸರ್ಕಾರಿ ಟೆಂಡರ್‌ಗಳಿಗಾಗಿ ಕಾಯುವ ಕಚೇರಿಯವರು ಹೊಸ್ತಿಲನ್ನು ಇನ್ನೂ ಎತ್ತರಿಸಬಹುದು. ಪೋಸ್ಟ್‌ಸ್ಕ್ರೀನ್‌ಅನ್ನು ಹೊರಗಿನ ಸರ್ವರ್‌ಗಳ ಮೇಲ್ ಬರುವ 25ನೆಯ ಪೋರ್ಟ್‌ಗೆ ಮಾತ್ರ ಹಾಕಬೇಕು ಎಂಬುದನ್ನು ಮತ್ತೊಮ್ಮೆ ಹೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ.

ತಿರಸ್ಕರಿಸುವುದಾದರೆ ಸಂಪರ್ಕದ ನಡುವೆಯೇ 5ರಿಂದ ಆರಂಭವಾಗುವ ಸಂಕೇತ ಕೊಟ್ಟು ತಿರಸ್ಕರಿಸಬೇಕು. ಆಗ ಕಳುಹಿಸಿದವರಿಗೆ ಅವರ ಸರ್ವರೇ ವಿಷಯ ತಿಳಿಸುತ್ತದೆ. ಮೊದಲು ಒಪ್ಪಿಕೊಂಡು ಆಮೇಲೆ ಹಿಂತಿರುಗಿಸಿದರೆ, ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಹೆಚ್ಚಾಗಿ ಖೋಟಾ ಆಗಿರುವುದರಿಂದ, ಏನೂ ಅರಿಯದ ಮೂರನೆಯವರ ಪೆಟ್ಟಿಗೆ ತುಂಬುತ್ತದೆ. ಆ ಕಾರಣಕ್ಕೆ ನಮ್ಮ ಸರ್ವರೇ ತಡೆಪಟ್ಟಿ ಸೇರುವುದೂ ಉಂಟು. ಸದ್ದಿಲ್ಲದೆ ಎಸೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ತಿರಸ್ಕಾರದ ಸಂದೇಶದಲ್ಲಿ ಪಟ್ಟಿಯ ಹೆಸರೂ ಕಚೇರಿಯ ದೂರವಾಣಿ ಸಂಖ್ಯೆಯೂ ಇರಲಿ. ಸರ್ವರ್ ನೋಡಿಕೊಳ್ಳುವವರಿಗೆ ಬರೆಯಲು ಇರುವ ಪೋಸ್ಟ್‌ಮಾಸ್ಟರ್ ಎಂಬ ವಿಳಾಸವನ್ನು ತಡೆಯಿಂದ ಹೊರಗಿಡುವುದು ಒಳ್ಳೆಯ ಪದ್ಧತಿಯಾದರೂ ಪೋಸ್ಟ್‌ಸ್ಕ್ರೀನ್ ಸಂಪರ್ಕವನ್ನೇ ನಿಲ್ಲಿಸುವುದರಿಂದ ಅಲ್ಲಿ ಅದು ಸಾಧ್ಯವಾಗುವುದಿಲ್ಲ. ದೂರವಾಣಿ ಸಂಖ್ಯೆ ಕೊಡಬೇಕು ಎಂದು ಒತ್ತಾಯಿಸಲು ಅದೇ ಕಾರಣ.

ಡೊಮೇನ್ ಪಟ್ಟಿಗಳು

ಐಪಿ ವಿಳಾಸದ ಬದಲು ಡೊಮೇನ್ ಹೆಸರನ್ನು ವಿಚಾರಿಸುವ ಪಟ್ಟಿಗಳೂ ಇವೆ: ಸ್ಪ್ಯಾಮ್‌ಹೌಸ್‌ನ ಡಿಬಿಎಲ್, ಎಸ್‌ಯುಆರ್‌ಬಿಎಲ್, ಯುಆರ್‌ಐಬಿಎಲ್. ಪತ್ರದೊಳಗಿನ ಲಿಂಕ್‌ಗಳನ್ನು ಪರೀಕ್ಷಿಸಲು ಇವು ಹೇಳಿಮಾಡಿಸಿದಂಥವು. ಡಿಬಿಎಲ್‌ಅನ್ನು ಐಪಿ ವಿಳಾಸ ಕೊಟ್ಟು ಕೇಳಬಾರದು. ಕೇಳಿದರೆ ಪ್ರತಿಯೊಂದಕ್ಕೂ 127.0.1.255 ಎಂಬ ಉತ್ತರ ಬರುತ್ತದೆ. ಅಲ್ಲಿಯೂ ಅಂಕಿಗಳಲ್ಲಿ ಒಂದು ಸೂಕ್ಷ್ಮವಿದೆ. 127.0.1.2ರಿಂದ 99ರವರೆಗಿನವು ದುರುದ್ದೇಶಕ್ಕಾಗಿಯೇ ನಡೆಯುವ ಡೊಮೇನ್‌ಗಳು. 102 ಮತ್ತು ಅದರ ಮುಂದಿನ ಕೆಲವು, ಒಳ್ಳೆಯವರದ್ದಾಗಿದ್ದು ಅನ್ಯರು ದುರ್ಬಳಕೆ ಮಾಡಿಕೊಂಡವು. ದೇವಸ್ಥಾನವೊಂದರ ಜೀರ್ಣೋದ್ಧಾರ ಸಮಿತಿ ವರ್ಷಗಳ ಹಿಂದೆ ಮಾಡಿಸಿ, ಬ್ರಹ್ಮಕಲಶ ಮುಗಿದ ಮೇಲೆ ಯಾರೂ ತಿರುಗಿ ನೋಡದ ವರ್ಡ್‌ಪ್ರೆಸ್ ಜಾಲತಾಣಕ್ಕೆ ಕಳ್ಳರು ನುಗ್ಗಿ ನಕಲಿ ಬ್ಯಾಂಕ್ ಪುಟ ಇಟ್ಟಿದ್ದರೆ ಅದು ಸೇರುವುದು ಈ ಎರಡನೆಯ ಗುಂಪಿಗೆ. ಮೊದಲ ಗುಂಪನ್ನು ನೇರವಾಗಿ ತಿರಸ್ಕರಿಸಬಹುದು. ಎರಡನೆಯದಕ್ಕೆ ಅಂಕ ಹಾಕಿ ವಿಂಗಡಣೆಗೆ ಬಿಡುವುದು ನ್ಯಾಯ.

ಮೊದಲು ನೋಡಿ, ಆಮೇಲೆ ತಡೆಯಿರಿ

ಯಾವ ಪಟ್ಟಿಯನ್ನೂ ಮೊದಲ ದಿನವೇ ತಿರಸ್ಕಾರಕ್ಕೆ ಹಚ್ಚಬಾರದು. ಪೋಸ್ಟ್‌ಸ್ಕ್ರೀನ್‌ನಲ್ಲಿ ಪಟ್ಟಿಯ ಕ್ರಮವನ್ನು ‘ಇಗ್ನೋರ್’ ಎಂದಿಟ್ಟರೆ ಅದು ಯಾರನ್ನೂ ತಡೆಯದೆ, ಯಾವ ವಿಳಾಸಕ್ಕೆ ಎಷ್ಟು ಅಂಕ ಬಂತೆಂದು ಲಾಗ್‌ನಲ್ಲಿ ಬರೆಯುತ್ತ ಹೋಗುತ್ತದೆ. ಮುಂದಿನ ಹಂತದ ನಿಯಮಗಳಿಗೆ ‘ವಾರ್ನ್ ಇಫ್ ರಿಜೆಕ್ಟ್’ ಎಂಬ ಪೂರ್ವಪದ ಇದೇ ಕೆಲಸ ಮಾಡುತ್ತದೆ. ಕನಿಷ್ಠ ಮೂರು ವಾರ ಹೀಗೆ ಬಿಟ್ಟು, ಆ ಅವಧಿಯಲ್ಲಿ ತಿಂಗಳ ಕೊನೆಯೂ ಸೇರಿರುವಂತೆ ನೋಡಿಕೊಳ್ಳಬೇಕು, ಏಕೆಂದರೆ ಬಿಲ್, ಬ್ಯಾಂಕ್ ಸಲಹೆ, ತೆರಿಗೆಯ ಕಾಗದಗಳು ಬರುವುದು ಆಗಲೇ. ಆಮೇಲೆ ಹೊಸ್ತಿಲು ದಾಟಿದ ವಿಳಾಸಗಳನ್ನು ಕಚೇರಿಯವರು ನಿಜವಾಗಿ ಉತ್ತರಿಸಿದ ಪತ್ರಗಳ ವಿಳಾಸಗಳೊಂದಿಗೆ ಹೋಲಿಸಬೇಕು. ಸ್ಪ್ಯಾಮ್ ಎಷ್ಟು ಸಿಕ್ಕಿತು ಎಂಬುದಕ್ಕಿಂತ ಈ ಹೋಲಿಕೆಯಲ್ಲಿ ಎಷ್ಟು ಹೆಸರುಗಳು ಕೂಡಿಬಂದವು ಎಂಬುದೇ ಪಟ್ಟಿಯ ಪರೀಕ್ಷೆ. ಒಂದು ಸ್ಪ್ಯಾಮ್ ಒಳಬಂದರೆ ಯಾರಾದರೂ ಅದನ್ನು ಅಳಿಸಲು ಎರಡು ಸೆಕೆಂಡ್ ಬೇಕು. ಹಡಗಿನ ಕಾಗದವೊಂದು ಹಿಂದೆ ಹೋದರೆ ಬಂದರಿನಲ್ಲಿ ಕಂಟೇನರ್ ನಿಂತ ಪ್ರತಿ ದಿನಕ್ಕೂ ಬಾಡಿಗೆ ಬೀಳುತ್ತದೆ. ಕೂಡಿಬಂದ ಹೆಸರುಗಳನ್ನು ನಮ್ಮದೇ ಅನುಮತಿ ಕಡತದಲ್ಲಿ ಸೇರಿಸಿ, ಆ ಕಡತವನ್ನು ಎಲ್ಲ ಪಟ್ಟಿಗಳಿಗಿಂತ ಮೇಲಿಟ್ಟು, ಅನಂತರವೇ ಕ್ರಮವನ್ನು ‘ಎನ್‌ಫೋರ್ಸ್’ ಎಂದು ಬದಲಿಸಬೇಕು.

ಪಟ್ಟಿಗಳೂ ಸಾಯುತ್ತವೆ

ಆರಿಸಿದ್ದಕ್ಕೆ ಕೆಲಸ ಮುಗಿಯುವುದಿಲ್ಲ. ತೆರೆದ ರಿಲೇಗಳನ್ನು, ಅಂದರೆ ಯಾರ ಮೇಲನ್ನಾದರೂ ದಾಟಿಸುವ ಸರ್ವರ್‌ಗಳನ್ನು ಪಟ್ಟಿ ಮಾಡುತ್ತಿದ್ದ ಓಆರ್‌ಡಿಬಿ 2006ರ ಡಿಸೆಂಬರ್‌ನಲ್ಲಿ ಮುಚ್ಚಿತು. ಆದರೂ ಅದನ್ನು ಕೇಳುವುದನ್ನು ನಿಲ್ಲಿಸದವರು ಅಷ್ಟಿದ್ದರು ಎಂದರೆ 2008ರ ಮಾರ್ಚ್‌ನಲ್ಲಿ ಅದು ಎಲ್ಲ ಪ್ರಶ್ನೆಗಳಿಗೂ ‘ಪಟ್ಟಿಯಲ್ಲಿದೆ’ ಎಂದು ಉತ್ತರಿಸತೊಡಗಿತು. ಎಎಚ್‌ಬಿಎಲ್ 2015ರ ಜನವರಿ 1ರಿಂದ ಹಾಗೆಯೇ ಮಾಡಿತು. ಮುಚ್ಚುವಾಗ ಇಡೀ ಜಗತ್ತನ್ನು ಪಟ್ಟಿಗೆ ಸೇರಿಸಬಾರದು ಎಂದು 2012ರ ಆರ್‌ಎಫ್‌ಸಿ 6471 ಹೇಳಿದ್ದರೂ ಅದು ಸಲಹೆಯಷ್ಟೇ. 2021ರ ಜನವರಿ 31ರಂದು ಸ್ಪ್ಯಾಮ್‌ಕಾಪ್‌ನ ಡೊಮೇನ್ ನವೀಕರಣವಾಗದೆ ಅವಧಿ ಮೀರಿದಾಗ ಅದರ ಹೆಸರಿನ ಪ್ರತಿ ಪ್ರಶ್ನೆಗೂ ಜಾಹೀರಾತು ಪುಟವೊಂದರ ವಿಳಾಸ ಉತ್ತರವಾಗಿ ಬಂತು, 127.0.0.2 ಎಂಬ ಉತ್ತರವನ್ನು ಮಾತ್ರ ಒಪ್ಪುವಂತೆ ಬರೆದಿದ್ದವರಿಗೆ ಏನೂ ಆಗಲಿಲ್ಲ, ಉಳಿದವರ ಮೇಲ್ ನಿಂತಿತು. ದೀರ್ಘಕಾಲ ಜನಪ್ರಿಯವಾಗಿದ್ದ ಸೋರ್ಬ್ಸ್ 2024ರ ಜೂನ್‌ನಲ್ಲಿ ಸ್ಥಗಿತವಾಯಿತು. ಅದು ಪಟ್ಟಿಗಳನ್ನು ಖಾಲಿ ಮಾಡಿ ಹೋದದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಆದರೆ ಅದರ ಹೆಸರನ್ನು ಸೂಚಿಸುವ ಹಳೆಯ ಮಾರ್ಗದರ್ಶಿಗಳನ್ನು ನಕಲು ಮಾಡುವವರು ಈಗಲೂ ಇದ್ದಾರೆ.

ಇದಕ್ಕೆ ಪರೀಕ್ಷೆಯೊಂದು ಸಿದ್ಧವಾಗಿಯೇ ಇದೆ. ಆರ್‌ಎಫ್‌ಸಿ 5782ರ ಪ್ರಕಾರ ಸಜೀವವಾಗಿರುವ ಐಪಿ ಪಟ್ಟಿಯಲ್ಲಿ 127.0.0.2 ಎಂಬ ವಿಳಾಸ ಯಾವಾಗಲೂ ಇರಬೇಕು, 127.0.0.1 ಎಂದೂ ಇರಬಾರದು. ಮೊದಲನೆಯದು ಸಿಗದಿದ್ದರೆ ಪಟ್ಟಿ ಸತ್ತಿದೆ ಅಥವಾ ನಮಗೆ ಉತ್ತರಿಸುತ್ತಿಲ್ಲ. ಎರಡನೆಯದು ಸಿಕ್ಕರೆ ಅದು ಎಲ್ಲರನ್ನೂ ಹಿಡಿಯುತ್ತಿದೆ. ಈ ಎರಡು ಪ್ರಶ್ನೆಗಳನ್ನು ಪ್ರತಿ ಪಟ್ಟಿಗೂ ದಿನಕ್ಕೊಮ್ಮೆ ಕೇಳುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು, ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ಗೆ ಹಾಕಿದ್ದೇನೆ. ಉತ್ತರ ತಪ್ಪಿದರೆ ಅದು ನನ್ನ ಫೋನಿಗೆ ಎಸ್‌ಎಂಎಸ್ ಕಳುಹಿಸುತ್ತದೆ. ಮೇಲ್ ನಿಂತಿದೆ ಎಂದು ಮೇಲ್‌ನಲ್ಲಿ ತಿಳಿಸಿ ಪ್ರಯೋಜನವಿಲ್ಲವಷ್ಟೆ. ಬಳಸುತ್ತಿರುವ ಪಟ್ಟಿಗಳ ಹೆಸರು, ತೂಕ, ಸೇರಿಸಿದ ದಿನಾಂಕ, ಸೇರಿಸಿದ ಕಾರಣ ಇಷ್ಟನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದು, ಮಳೆಗಾಲದ ತೇವಕ್ಕೆ ಹಾಳಾಗದಂತೆ ಪ್ಲಾಸ್ಟಿಕ್ ಹಾಕಿಸಿ, ಸರ್ವರ್ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ರಿಸಾಲ್ವರ್‌ನ ವಿಳಾಸ ಆ ಹಾಳೆಯ ಮೊದಲ ಸಾಲಿನಲ್ಲಿದೆ, ಅದರ ಕೆಳಗೆ ಕೆಂಪು ಗೆರೆ ಎಳೆದಿದೆ.